‘ಲೇ’ ಅನ್ನಲು ಕಲಿತ ತಂಡ

ಆಳಂದದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ನನ್ನದೊಂದು ಅಂಗಡಿಯಿದೆ. ಪೈಪು, ಪಂಪ್‌ಸೆಟ್ಟು, ನಲ್ಲಿ, ವಾಲ್ವು ಮಾರುತ್ತೇನೆ. ಗಿರಾಕಿಗಳಲ್ಲಿ ಯಾರಾದರೊಬ್ಬರು ಜೊತೆಗೆ ಬಂದ ಹೊಸಬರಿಗೆ ನನ್ನನ್ನು ತೋರಿಸಿ, “ನಮ್ಮೂರ ಫುಟ್‌ಬಾಲ್ ಟೀಮ್ ಮುಳುಗಾಕತ್ತಿತ್ತು, ಎತ್ತಿ ನಿಲ್ಸಿದವ್ರು ಇವ್ರೇ ನೋಡ್ರಿ” ಅನ್ನುತ್ತಾರೆ. ನಾನು ಬಿಲ್ಲು ಬರೆಯುವವನಂತೆ ತಲೆ ತಗ್ಗಿಸುತ್ತೇನೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಾರೆ. ವಿನಯವಲ್ಲ ಅದು. ತಂಡವನ್ನು ಮುಳುಗಿಸಿದವನು ನಾನು, ಎತ್ತಿದವರು ಬೇರೆಯವರು. ಹೇಗೆ ಅನ್ನುವುದನ್ನು ಒಮ್ಮೆಯಾದರೂ ಪೂರ್ತಿಯಾಗಿ ಬರೆದಿಡಬೇಕು ಎಂದು ಕೂತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲಿ ಒಂದು ಸಣ್ಣ ಫುಟ್‌ಬಾಲ್ ಲೀಗು ಶುರುವಾಯಿತು. ಟಿವಿಯಲ್ಲಿ ಬರುವ ದೊಡ್ಡ ಲೀಗುಗಳನ್ನು ನೋಡಿ ಮಾಡಿದ್ದು. ತಾಲ್ಲೂಕಿಗೊಂದು ಫ್ರಾಂಚೈಸಿ, ಅದಕ್ಕೆ ಮಾಲೀಕರು, ಬಣ್ಣದ ಅಂಗಿ, ಭಾನುವಾರಕ್ಕೊಂದು ಪಂದ್ಯ. ಅಫಜಲಪುರದವರು ಒಂದು ತಂಡ ತೆಗೆದುಕೊಂಡರು, ಜೇವರ್ಗಿಯವರು ಒಂದು. ಆಳಂದದ್ದನ್ನು ನಾವು ಮೂವರು ತೆಗೆದುಕೊಂಡೆವು. ನಾನು, ನನ್ನ ಗೆಳೆಯರಾದ ಒಬ್ಬ ವಕೀಲರು, ಮತ್ತು ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾಗಿದ್ದ ಒಬ್ಬ ಟೀಚರ್. ವಕೀಲರಿಗೂ ನನಗೂ ಫುಟ್‌ಬಾಲಿಗಿಂತ ಮೈಕಿನಲ್ಲಿ ‘ತಂಡದ ಮಾಲೀಕರು’ ಎಂದು ಕೂಗುವುದು ಕೇಳಲು ಇಷ್ಟ. ಟೀಚರ್ ಮಾತ್ರ ಮೊದಲ ದಿನವೇ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದರು.

“ನೋಡ್ರಿ, ನನಗ ಫುಟ್‌ಬಾಲ್ ಬರಂಗಿಲ್ಲ, ಖೋ-ಖೋ ಬರ್ತದ,” ಎಂದಿದ್ದರು. “ಆದ್ರ ಹುಡುಗ್ರನ್ನ ಓಡಿಸೋದು ಬರ್ತದ.”

ಅವರ ಮಾತನ್ನು ನಾವು ನಗುವಿನಲ್ಲಿ ತೇಲಿಸಿದೆವು. ಹೊರಗಿನಿಂದ ಒಬ್ಬ ತರಬೇತುದಾರರನ್ನು ಕರೆಸಿದೆವು. ಟೀಚರ್ ಪಾಲಿಗೆ ಆಟಗಾರರ ಅಂಗಿ ಎಣಿಸುವ ಕೆಲಸ ಬಂತು.

ಹುಡುಗರು ಒಳ್ಳೆಯವರೇ ಸಿಕ್ಕಿದ್ದರು. ನಾಯಕನಾಗಿದ್ದವನು ಮಟಕಿ ಹಳ್ಳಿಯವನು. ಆಳಂದದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ನನ್ನ ಅಂಗಡಿಯ ಗಿರಾಕಿಗಳನ್ನು ನಾನು ಅವನ ಕಡೆ ಕಳಿಸುತ್ತಿದ್ದೆ, ಹಾಗಾಗಿ ನನ್ನ ಮುಂದೆ ಅವನು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ನಿಲ್ಲುತ್ತಿದ್ದ. ಅವನ ಅಜ್ಜ, ಅಪ್ಪ ಬೇರೆಯವರ ಹೊಲದಲ್ಲಿ ದುಡಿದವರು. ಮನೆಯಲ್ಲಿ ಬುದ್ಧನ ಪಟ ಇಟ್ಟು ಪೂಜಿಸುವ ಜನ. ಗೋಲ್‌ಕೀಪರ್ ಮಾದನಹಿಪ್ಪರಗಾದ ಗೌಡರ ಮನೆಯ ಹುಡುಗ. ಆರಡಿ ಎತ್ತರ, ಕೈ ಉದ್ದ. ನಾಯಕ ಆಡುತ್ತಿದ್ದುದು ರಕ್ಷಣೆಯಲ್ಲಿ, ಗೋಲಿನ ಮುಂದೆಯೇ. ಹೀಗಾಗಿ ಈ ಇಬ್ಬರು ಒಬ್ಬರಿಗೊಬ್ಬರು ಕೂಗಿ ಹೇಳದೆ ಆಟ ಸಾಗುವುದೇ ಇಲ್ಲ. ಇಷ್ಟು ಸಣ್ಣ ವಿಷಯ ನನಗೆ ಆಗ ಗೊತ್ತಿರಲಿಲ್ಲ.

ಮೊದಲ ಋತುವಿನ ಎರಡನೆಯದೋ ಮೂರನೆಯದೋ ಪಂದ್ಯ ಜೇವರ್ಗಿಯಲ್ಲಿತ್ತು. ಗೋಲ್‌ಕೀಪರ್‌ನ ತಂದೆ ಮಗನ ಆಟ ನೋಡಲು ಬಂದಿದ್ದರು. ನಾನು ಅವರನ್ನು ಪಕ್ಕದ ಕುರ್ಚಿಯಲ್ಲೇ ಕೂಡಿಸಿಕೊಂಡಿದ್ದೆ. ದೊಡ್ಡ ಮನುಷ್ಯರು, ನನ್ನ ಅಂಗಡಿಯಿಂದ ಪೈಪು ಒಯ್ಯುವವರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಜೇವರ್ಗಿಯವರು ಒಂದು ಚೆಂಡನ್ನು ಎತ್ತರಕ್ಕೆ ಹೊಡೆದರು. ಅದು ನಮ್ಮ ಗೋಲಿನ ಕಡೆ ಇಳಿಯುತ್ತಿತ್ತು.

“ಲೇ, ಮುಂದ ಬಾ! ಹಿಡಿ, ಹಿಡಿ ಲೇ!” ಎಂದು ನಾಯಕ ಕೂಗಿದ.

ಗೋಲ್‌ಕೀಪರ್ ಮುಂದೆ ಓಡಿ ಬಂದು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದ. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಗೌಡರು ಮಾತ್ರ ಕತ್ತು ತಿರುಗಿಸಿ ನಾಯಕನನ್ನು ಒಮ್ಮೆ ನೋಡಿದರು. ಏನೂ ಅನ್ನಲಿಲ್ಲ, ಬರೀ ನೋಡಿದರು. ನನಗೆ ಮೈಯೆಲ್ಲ ಮುಜುಗರವಾಯಿತು. ನನ್ನ ಮನೆಯ ಜಗುಲಿಯಲ್ಲೇ ಅವರಿಗೆ ಅವಮಾನವಾದಂತೆ ಅನ್ನಿಸಿತು.

ಅರ್ಧ ಆಟ ಮುಗಿದಾಗ ನಾಯಕನನ್ನು ನೀರಿನ ಡ್ರಮ್ಮಿನ ಹತ್ತಿರ ಕರೆದೆ.

“ಆಟ ಹೆಂಗರ ಆಡು, ಮಾತು ಹಿಡದು ಆಡು,” ಎಂದೆ. “ಅವರ ಮನಿ ಎಂಥಾದ್ದು, ನಿಮ್ಮ ಮನಿ ಎಂಥಾದ್ದು? ಅವರಪ್ಪ ಇಲ್ಲೇ ಕುಂತಾರ. ಮಂದಿ ಏನಂದಾರು?”

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಆಯ್ತ್ರಿ ಸಾವ್ಕಾರ್ರ,” ಎಂದ.

ಎರಡನೇ ಅರ್ಧದಲ್ಲಿ ಅದೇ ತರಹದ ಚೆಂಡು ಮತ್ತೆ ಬಂತು. “ಗೌಡ್ರ, ಮುಂದ ಬರ್ರಿ, ಬಾಲ್ ಹಿಡೀ...” ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ಆ ದಿನ ನಾವು ನಾಲ್ಕು ಗೋಲಿನಿಂದ ಸೋತೆವು. ಗೋಲ್‌ಕೀಪರ್‌ನ ಕೈ ನಿಧಾನ ಎಂದು ನಾನು ವಕೀಲರ ಮುಂದೆ ಹೇಳಿದೆ. ನೀರಿನ ಡ್ರಮ್ಮಿನ ಹತ್ತಿರ ಆಡಿದ ಮಾತನ್ನು ಊರು ಮುಟ್ಟುವುದರೊಳಗೆ ಮರೆತೂಬಿಟ್ಟೆ. ನಮ್ಮ ಮನೆಯಲ್ಲಿ ಸೋಮವಾರ ಸೋಮವಾರ ಎಲ್ಲರೂ ಕೂತು ವಚನ ಓದುವ ಪದ್ಧತಿ. ಮರುದಿನ ಸೋಮವಾರ. ಓದಿದೆ. ಆಗಲೂ ನೆನಪಾಗಲಿಲ್ಲ.

ಅಲ್ಲಿಂದ ಮುಂದೆ ನಮ್ಮ ತಂಡ ಮೂಕ ತಂಡವಾಯಿತು. ನಾಯಕನೇ ಬಾಯಿ ಬಿಡದ ಮೇಲೆ ಉಳಿದವರೂ ಬಿಡಲಿಲ್ಲ. ಯಾರು ಯಾರಿಗೆ ಏನೆಂದು ಕೂಗಬಹುದು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಹೊಕ್ಕಿರಬೇಕು. ಹನ್ನೊಂದು ಜನ ಹನ್ನೊಂದು ದಿಕ್ಕಿಗೆ, ಸದ್ದಿಲ್ಲದೆ ಓಡುತ್ತಿದ್ದರು. ಎರಡು ಋತುಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಪೇಟೆಯಲ್ಲಿ ನಗೆಯಾಡುವವರು ಹೆಚ್ಚಾದರು. ವಾಲ್ವು ಕೊಳ್ಳಲು ಬಂದವನೊಬ್ಬ, “ಇದು ಲೀಕ್ ಆಗಂಗಿಲ್ಲ ಹೌದಲ್ರಿ? ನಿಮ್ಮ ಗೋಲ್ ಇದ್ದಂಗ ಇಲ್ಲಲ್ಲ?” ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಹುಡುಗರ ಮೇಲೆ ಸಿಟ್ಟು ಬರುತ್ತಿತ್ತು.

ಎರಡನೇ ಋತು ಮುಗಿಯುತ್ತಲೂ ವಕೀಲರು ಕೋರ್ಟಿನ ಕೆಲಸದ ನೆಪ ಹೇಳಿ ಹೊರಬಿದ್ದರು. ತರಬೇತುದಾರರು ಹೇಳದೇ ಹೋದರು. ಮಟಕಿ, ಮಾದನಹಿಪ್ಪರಗಾ ಕಡೆಯ ಹುಡುಗರನ್ನು ಬೆಳಗಿನ ಅಭ್ಯಾಸಕ್ಕೆ ಕರೆತರಲು ನನ್ನ ಅಂಗಡಿಯ ಟೆಂಪೋ ಹೋಗುತ್ತಿತ್ತು. ಅದನ್ನು ನಾನು ನಿಲ್ಲಿಸಿದೆ. ಸಾಮಾನು ಸಾಗಿಸಬೇಕು ಎಂದು ಕಾರಣ ಕೊಟ್ಟೆ. ನಿಜ ಏನೆಂದರೆ, ಆ ಟೆಂಪೋದ ತುಂಬ ಸೋತ ಹುಡುಗರು ಕೂತು ಪೇಟೆಯಲ್ಲಿ ಹಾದುಹೋಗುವುದನ್ನು ನಾನು ನೋಡಲಾರದವನಾಗಿದ್ದೆ. ಟೆಂಪೋ ನಿಂತ ಮೇಲೆ ಅವರು ಮೊದಲ ಬಸ್ಸಿಗೆ ಬರಲು ಶುರುಮಾಡಿದರು. ಬಸ್ಸು ಬರುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ಕ್ರಿಕೆಟಿನವರು ಮೈದಾನ ಹಿಡಿದಿರುತ್ತಿದ್ದರು. ನಮ್ಮವರು ಅಂಚಿನಲ್ಲಿ ನಾಲ್ಕು ಸುತ್ತು ಓಡಿ ವಾಪಸು ಹೋಗುತ್ತಿದ್ದರು.

ಮೂರನೇ ಋತುವಿಗೆ ಮುಂಚೆ ಲೀಗಿನ ಸಮಿತಿಯವರು ಎಲ್ಲ ತಂಡಗಳಿಗೂ ಹೇಳಿ ಕಳಿಸಿದರು: ಆಡುವವರು ಆಡುತ್ತೇವೆಂದು, ಬಿಡುವವರು ಕಾರಣ ಕೊಟ್ಟು ಬಿಡುತ್ತೇವೆಂದು, ಸಹಿ ಮಾಡಿದ ಪತ್ರ ಕಲಬುರಗಿಯ ಕಚೇರಿಗೆ ಮುಟ್ಟಿಸಬೇಕು. ನಾನು ಟೀಚರ್‌ಗೆ ತಿಳಿಸದೆ, ಬಿಡುತ್ತೇವೆ ಎಂದು ಬರೆದೆ. ಕಾರಣದ ಜಾಗದಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಮಾಲೀಕರಿಗೆ ಉತ್ಸಾಹ ಹೋಗಿದೆ ಎಂದು ಬರೆಯಲು ನಾಚಿಕೆ. ‘ಆಟಗಾರರಲ್ಲಿ ಶಿಸ್ತಿಲ್ಲ. ಅಭ್ಯಾಸಕ್ಕೆ ಬರುವುದಿಲ್ಲ, ಬಂದರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹೀಗಾಗಿ ತಂಡವನ್ನು ಮುಂದುವರಿಸಲಾಗದು’ ಎಂದು ಬರೆದೆ. ಸಹಿ ಮಾಡಿ, ಮುದ್ರೆ ಒತ್ತಿ, ಲಕೋಟೆಗೆ ಅಂಟು ಹಚ್ಚಿದೆ.

ನಾಯಕ ತಾಮ್ರದ ತಂತಿ ತರಲು ಕಲಬುರಗಿಗೆ ಹೊರಟಿದ್ದ. ಏನಾದರೂ ಬೇಕೇನು ಎಂದು ಕೇಳಲು ಅಂಗಡಿಗೆ ಬಂದ. ನಾನು ಆ ಲಕೋಟೆಯನ್ನೇ ಅವನ ಕೈಗೆ ಕೊಟ್ಟೆ.

“ಇದನ್ನ ಲೀಗ್ ಆಫೀಸಿನಾಗ ಕೊಟ್ಟು ಬಾ.”

“ಹೊಸಾ ಸೀಜನ್ನಿಂದೇನ್ರಿ?” ಎಂದ. ಮುಖ ಅರಳಿತ್ತು.

“ಹೂಂ, ಅದ್ರದ್ದೇ,” ಎಂದೆ.

ಅವನು ಅದನ್ನು ಬಗ್ಗಬಾರದೆಂದು ಒಂದು ಪುಸ್ತಕದ ನಡುವೆ ಇಟ್ಟುಕೊಂಡ. ಅವನ ಕೈಯಲ್ಲೇ ಅದನ್ನು ಕೊಡುವಾಗ ನನಗೆ ಒಂದಿಷ್ಟೂ ಏನೂ ಅನ್ನಿಸಲಿಲ್ಲ. ಬಸ್ಸಿನ ಖರ್ಚು ಉಳಿಯಿತು ಅನ್ನಿಸಿರಬಹುದು. ಈಗ ನನ್ನನ್ನು ಕೊರೆಯುವುದು ಪತ್ರದ ಸುಳ್ಳಿಗಿಂತ ಅವತ್ತಿನ ನನ್ನ ಆ ನಿರಾಳ.

ಮರುದಿನ ಅವನನ್ನು ಕೇಳಿದೆ. “ಕೊಟ್ಟಿಯೇನು?”

“ಮುಟ್ಟಿಸೀನ್ರಿ.”

“ಏನರ ಅಂದ್ರೇನು?”

“ಓದ್ಯಾರ್ರಿ,” ಎಂದ. ಬೇರೇನೂ ಹೇಳದೆ ಹೋದ.

ಒಂದೆರಡು ದಿನದಲ್ಲಿ ನಾಯಕ ಟೀಚರ್ ಮನೆಗೆ ಹೋಗಿ ಕೂತನಂತೆ. ಅಭ್ಯಾಸ ನೀವೇ ಮಾಡಿಸಬೇಕು ಎಂದು ಕೇಳಿದನಂತೆ. ಟೀಚರ್ ಒಂದು ವಾರ ಫೋನಿನಲ್ಲಿ ಫುಟ್‌ಬಾಲ್ ಕಲಿಸುವ ವಿಡಿಯೋಗಳನ್ನು ನೋಡಿದರು. ಆಮೇಲೆ ನನಗೆ ಫೋನ್ ಮಾಡಿದರು.

“ಇನ್ಮ್ಯಾಲೆ ಹುಡುಗ್ರು ಆಳಂದಕ್ಕ ಬರೋದು ಬ್ಯಾಡ. ಹುಡುಗ್ರು ಎಲ್ಲಿ ಅದಾರ ಅಲ್ಲಿಗೇ ನಾನು ಹೋಗ್ತೇನಿ. ಮೂರು ದಿನ ಮಾದನಹಿಪ್ಪರಗಾ, ಮೂರು ದಿನ ಮಟಕಿ. ನಿಮ್ಮ ಟೆಂಪೋ ನಿಮ್ಮ ಹತ್ರಾನೇ ಇರ್ಲಿ.”

ನನಗೆ ಗಾಬರಿಯಾಯಿತು. ಬಿಡುವ ಪತ್ರ ಬರೆದುಕೊಟ್ಟಿದ್ದೇನೆ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಸಮಿತಿಯವರೇ ತಂಡದ ಹೆಸರು ತೆಗೆದಾಗ ಎಲ್ಲರಿಗೂ ಗೊತ್ತಾಗುತ್ತದೆ, ನಾನೇಕೆ ಕೆಟ್ಟವನಾಗಲಿ ಎಂದು ಸುಮ್ಮನಾದೆ. ಆದರೆ ಸಮಿತಿಯಿಂದ ಬಂದ ಪಂದ್ಯಗಳ ಪಟ್ಟಿಯಲ್ಲಿ ಆಳಂದದ ಹೆಸರು ಹಾಗೇ ಇತ್ತು. ನನ್ನ ಪತ್ರ ಯಾವುದೋ ಕಡತದಲ್ಲಿ ಬಿದ್ದು ಹೋಗಿರಬೇಕು ಎಂದುಕೊಂಡೆ. ಫೋನ್ ಮಾಡಿ ವಿಚಾರಿಸುವ ಧೈರ್ಯ ನನಗಿರಲಿಲ್ಲ.

ಅದೇ ದಿನಗಳಲ್ಲಿ ತಂಡದ ವಾಟ್ಸಾಪ್ ಗುಂಪಿಗೆ ದಿನಾ ಬೆಳಗ್ಗೆ ಒಂದು ಫೋಟೋ ಬರಲು ಶುರುವಾಯಿತು. ಸೂರ್ಯ ಹುಟ್ಟುವ ಹೊತ್ತು, ಹಿಂದೆ ಬಯಲು, ಮುಂದೆ ಸಾಲಾಗಿ ನಿಂತ ಹುಡುಗರು. ಕಳಿಸುತ್ತಿದ್ದವನು ನಾಯಕ. ಜೊತೆಗೆ ಒಂದು ಅಕ್ಷರವೂ ಇಲ್ಲ. ಟೀಚರ್ ಬಾರದ ಭಾನುವಾರವೂ ತಪ್ಪುತ್ತಿರಲಿಲ್ಲ. ನನ್ನ ನಿದ್ದೆ ಕೆಡುತ್ತದೆ ಎಂದು ನಾನು ಆ ಗುಂಪಿನ ಸದ್ದು ಬಂದ್ ಮಾಡಿದೆ.

ಒಂದು ದಿನ ಗಿರಾಕಿಯೊಬ್ಬರ ಬೋರಿನ ಕೆಲಸಕ್ಕೆ ಮಾದನಹಿಪ್ಪರಗಾಕ್ಕೆ ಬೆಳಗ್ಗೆಯೇ ಹೋಗಬೇಕಾಯಿತು. ಊರ ಹೊರಗೆ ಗದ್ದಲ ಕೇಳಿ ಬೈಕು ನಿಲ್ಲಿಸಿದೆ. ಗೋಲ್‌ಕೀಪರ್‌ನ ಮನೆಯವರ ಬೀಳುಬಿದ್ದ ಹೊಲದಲ್ಲಿ ಕಲ್ಲು ಆರಿಸಿ ಅಂಗಳ ಮಾಡಿಕೊಂಡಿದ್ದರು. ಎರಡು ಕಡೆ ಬಿದಿರಿನ ಗೋಲು. ಟೀಚರ್ ನಡುವೆ ನಿಂತು ಸೀಟಿ ಊದುತ್ತಿದ್ದರು.

“ಖೋ-ಖೋದಾಗ ಖೋ ಅನ್ನದ ಎದ್ದು ಓಡಿದ್ರ ಫೌಲ್! ಇಲ್ಲಿನೂ ಹಂಗ! ಬಾಯಿ ಬಿಡದ ಬಾಲ್ ಕೊಟ್ಟವ್ರು ಹತ್ತು ಸುತ್ತು ಓಡ್ಬೇಕು!”

ನಾಯಕ ಗೋಲ್‌ಕೀಪರ್‌ಗೆ ಏನೋ ಹೇಳಿದ. ಟೀಚರ್ ಸೀಟಿ ಊದಿ ಆಟ ನಿಲ್ಲಿಸಿದರು.

“ಏನಂದಿ ಈಗ?”

“ಗೌಡ್ರ, ಎಡಕ್ಕ ಸರೀರಿ ಅಂದೆ ಟೀಚರ್ರ.”

“ಎಷ್ಟು ಮಾತಾತು ಅದು? ನೀನು ಗೌಡ್ರ ಅಂದು, ರೀ ಹಚ್ಚಿ ಮುಗಿಸೋದ್ರಾಗ ಅಫಜಲಪುರದವ್ರು ಗೋಲ್ ಹೊಡದು ಚಾ ಕುಡೀತಾರ. ಮೈದಾನದಾಗ ರೀ ಇಲ್ಲ, ಗೌಡ್ರಿಲ್ಲ, ಅಣ್ಣ ಇಲ್ಲ. ಎಲ್ರೂ ಲೇ. ಹೂಂ, ಅನ್ನು.”

ಅವನು ನೆಲ ನೋಡುತ್ತ ನಿಂತ. ಗೋಲ್‌ಕೀಪರ್ ತಾನೇ ಹತ್ತಿರ ಬಂದು, “ಅನ್ನಪಾ. ಮೊದಲ ಅಂತಿದ್ದಿಯಲ್ಲ, ಈಗ್ಯಾಕ ಬಿಟ್ಟಿ? ನೀ ಒದರಿದ್ರ ನನಗ ಗೊತ್ತಾಗ್ತದ, ಇಲ್ಲಾಂದ್ರ ಕತ್ತಲಿನಾಗ ನಿಂತಂಗ ಆಗ್ತದ,” ಎಂದ.

“ಲೇ, ಎಡಕ್ಕ,” ಎಂದ ನಾಯಕ. ದನಿ ಎದ್ದಿರಲಿಲ್ಲ.

“ಕೇಳಲಿಲ್ಲ!” ಎಂದರು ಟೀಚರ್.

“ಲೇ! ಎಡಕ್ಕ ಸರಿ ಲೇ!”

ಹುಡುಗರೆಲ್ಲ ಹೋ ಎಂದರು. ಹೊಲದ ಬದುವಿನ ಮೇಲೆ ಗೋಲ್‌ಕೀಪರ್‌ನ ತಂದೆ ನಿಂತಿದ್ದನ್ನು ನಾನು ಆಗಲೇ ನೋಡಿದ್ದು. ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹಿಂತಿರುಗಿ ಮನೆ ಕಡೆ ನಡೆದುಬಿಟ್ಟರು. ಒಂದು ವಾರ ಆ ಕಡೆ ಸುಳಿಯಲಿಲ್ಲವಂತೆ. ಎಂಟನೇ ದಿನ ತಾವೇ ಬಂದು, ಹುಡುಗರಿಗೆ ಕುಡಿಯಲು ಒಂದು ಕೊಡ ಮಜ್ಜಿಗೆ ಇಡಿಸಿ, ಬದುವಿನ ಮೇಲೆ ಕೂತರಂತೆ. ಅವರ ಮನಸ್ಸಿನಲ್ಲಿ ಏನು ನಡೆಯಿತೋ ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಅವರಿಗೆ ದಾಟಲು ಒಂದು ವಾರ ಸಾಕಾದ ಗೆರೆಯನ್ನು, ಅವರ ಪರವಾಗಿ ನಾನು ಎರಡು ವರ್ಷ ಕಾಯ್ದುಕೊಂಡು ಬಂದಿದ್ದೆ. ಆದರೆ ಆ ಬೆಳಗ್ಗೆ ಬೈಕಿನ ಮೇಲೆ ಕೂತಿದ್ದಾಗ ಇಷ್ಟೆಲ್ಲ ಹೊಳೆಯಲಿಲ್ಲ. ‘ಅಯ್ಯೋ, ಈ ಟೀಚರ್ ಏನು ಹಚ್ಚಿದಳಪ್ಪ’ ಎಂದುಕೊಂಡು ಯಾರಿಗೂ ಮುಖ ತೋರಿಸದೆ ಹೊರಟುಹೋದೆ.

ಮೂರನೇ ಋತುವಿನ ಮೊದಲ ಪಂದ್ಯ ಅಫಜಲಪುರದಲ್ಲಿ. ನಾನು ಹೋಗುವ ಮನಸ್ಸಿನಲ್ಲಿರಲಿಲ್ಲ. ಆದರೂ ಮಾಲೀಕನಲ್ಲವೇ ಎಂದು ಕಾರು ತೆಗೆದುಕೊಂಡು ಹೋದೆ. ಆಟ ಶುರುವಾದ ಮೇಲೆ ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ನಮ್ಮ ಹುಡುಗರು ಸಂತೆಯಲ್ಲಿ ಕೂಗುವವರ ಹಾಗೆ ಕೂಗುತ್ತಿದ್ದರು. ‘ಲೇ ಬಿಡು’, ‘ಲೇ ಹಿಂದ ಅದಾನ’, ‘ನಂದು, ನಂದು ಲೇ’. ಚೆಂಡು ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ, ಹೇಳಿ ಕಳಿಸಿದ ಹಾಗೆ ಹೋಗುತ್ತಿತ್ತು. ಒಂದು ಗೋಲು ಅವರು ಹೊಡೆದರು, ಒಂದು ನಾವು ಹೊಡೆದೆವು. ಸಮ ಆಯಿತು. ಎರಡು ವರ್ಷ ಬರೀ ಸೋತವರಿಗೆ ಅದೇ ಗೆಲುವು. ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈದಾನದೊಳಗೆ ಓಡಿದರು.

ವಾಪಸು ಬರುವಾಗ ಚೌಡಾಪುರದಲ್ಲಿ ಹುಡುಗರ ಗಾಡಿ ಚಹಾಕ್ಕೆ ನಿಂತಿತ್ತು. ನಾನೂ ಕಾರು ನಿಲ್ಲಿಸಿದೆ. ಹೋಟೆಲ್ಲಿನವನಿಗೆ, “ನಮ್ಮ ಹುಡುಗ್ರಿಗೆ ಬಿಸಿ ಬಿಸಿ ಬಜಿ ಕೊಡ್ರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ‘ನಮ್ಮ ಹುಡುಗ್ರು’ ಎಂದು ನಾನು ಅವರನ್ನು ಕರೆದದ್ದು ಅದೇ ಮೊದಲು. ನಾಯಕ ತಟ್ಟೆ ತೆಗೆದುಕೊಂಡ, ಆದರೆ ನನ್ನ ಮುಖ ನೋಡಲಿಲ್ಲ. ದಣಿದಿದ್ದಾನೆ ಎಂದುಕೊಂಡೆ.

ಅಲ್ಲಿಂದ ಮುಂದೆ ನಾನು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಜೇವರ್ಗಿಯಲ್ಲಿ ಅದೇ ಮೈದಾನದಲ್ಲಿ ಎರಡು ಗೋಲಿನಿಂದ ಗೆದ್ದೆವು. ಮಟಕಿ, ಮಾದನಹಿಪ್ಪರಗಾದಿಂದ ಜನ ಟ್ರ್ಯಾಕ್ಟರಿನಲ್ಲಿ ಬರಲು ಶುರುಮಾಡಿದರು. ಟ್ರೋಫಿ ನಮಗೆ ಬರಲಿಲ್ಲ, ಕೊನೆಗೆ ಮೂರನೇ ಸ್ಥಾನ. ಆದರೂ ಪೇಟೆಯವರು ಒಂದು ಸನ್ಮಾನ ಇಟ್ಟುಕೊಂಡರು. ವೇದಿಕೆಯ ಮೇಲೆ ನನಗೆ, ಟೀಚರ್‌ಗೆ ಶಾಲು ಹೊದಿಸಿದರು. ಟೀಚರ್ ಹುಡುಗರ ಹೆಸರನ್ನು ಒಂದೊಂದಾಗಿ ಕರೆದು ಕೂತುಬಿಟ್ಟರು. ನಾನು ಮಾತ್ರ ಉದ್ದ ಭಾಷಣ ಮಾಡಿದೆ. “ಎಲ್ಲರೂ ಕೈಬಿಟ್ಟಾಗಲೂ ನನ್ನ ಹುಡುಗರ ಮೇಲಿನ ನಂಬಿಕೆ ನಾನು ಬಿಡಲಿಲ್ಲ” ಎಂದೆ. ಆ ಮಾತು ಹೇಳುವಾಗ ನನಗೇ ಅದು ನಿಜ ಅನ್ನಿಸಿತ್ತು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನಾಯಕನೂ ತಟ್ಟಿದ.

ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತಿದ್ದಾಗ, ಅತಿಥಿಯಾಗಿ ಬಂದಿದ್ದ ಲೀಗ್ ಸಮಿತಿಯ ಕಾರ್ಯದರ್ಶಿ ನನ್ನ ಹತ್ತಿರ ಬಂದರು.

“ಛಲೋ ಆತು ನೋಡ್ರಿ, ಆ ದಿನ ನಿಮ್ಮ ಕ್ಯಾಪ್ಟನ್ ಲೆಟರ್ ವಾಪಸ್ ಒಯ್ದದ್ದು,” ಎಂದರು.

“ಯಾವ ಲೆಟರ್ರಿ?”

“ಅದೇ, ನೀವು ಟೀಮ್ ಬಿಡ್ತೇನಿ ಅಂತ ಬರದಿದ್ದು. ನಾನು ಅವನ ಮುಂದೇ ಒಡದು ಓದಿದೆ. ‘ಯಾಕಪಾ, ನೀವು ಪ್ರಾಕ್ಟೀಸಿಗೇ ಬರಂಗಿಲ್ಲಂತ?’ ಅಂದೆ. ಹುಡುಗ ಬೆವತುಬಿಟ್ಟ. ಒಮ್ಮೆ ಓದಲಿಕ್ಕ ಕೊಡ್ರಿ ಅಂದ. ಓದಿ, ‘ಸಾವ್ಕಾರ್ರು ಸಿಟ್ಟಿನಾಗ ಬರದಾರ್ರಿ, ಇನ್ನೂ ತಾರೀಖು ಅದ, ಬ್ಯಾರೆ ಕಳಿಸ್ತಾರ’ ಅಂದ. ಆಮ್ಯಾಲೆ ಟೀಚರ್ ಸಹಿ ಮಾಡಿದ್ದು, ಆಡ್ತೇವಿ ಅಂತ ಬಂತಲ್ಲ. ನೀವೇ ಕಳಿಸಿದ್ದು ಅಂದ್ಕೊಂಡೆ.”

ಅವರು ನಗುತ್ತಲೇ ಹೇಳಿದರು. ಜನರ ನಡುವೆ ನಾಯಕ ಯಾರೊಂದಿಗೋ ಫೋಟೋ ತೆಗೆಸಿಕೊಳ್ಳುತ್ತಿದ್ದ. ಒಂದು ಇಡೀ ಋತು ಅವನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ನಮಸ್ಕಾರ ಮಾಡಿದ್ದ.

ಮರುದಿನ ಬೆಳಗ್ಗೆ ಅವನ ಅಂಗಡಿಗೆ ಹೋದೆ. ಅವನು ನೆಲದ ಮೇಲೆ ಕೂತು ಮೋಟರೊಂದರ ಸುಟ್ಟ ತಂತಿ ಕತ್ತರಿಸಿ ತೆಗೆಯುತ್ತಿದ್ದ. ಏಳಲು ಹೋದ. ಬೇಡ ಎಂದು ನಾನೂ ಎದುರಿಗೆ ಕೂತೆ.

“ಲೆಟರ್ ವಿಷಯ ಗೊತ್ತಾತು,” ಎಂದೆ.

ಅವನು ಇಕ್ಕಳ ಕೆಳಗಿಟ್ಟ.

“ಯಾಕ ಯಾರಿಗೂ ಹೇಳಲಿಲ್ಲ? ಟೀಚರ್‌ಗರ ಹೇಳಬಹುದಿತ್ತು.”

“ಹೇಳಿದ್ರ ಹುಡುಗ್ರು ಬಿಟ್ಟು ಹೋಗ್ತಿದ್ರು. ಮಾಲೀಕರೇ ಹಿಂಗ ಬರದಾರ ಅಂದಮ್ಯಾಲೆ ಯಾರು ಬರ್ತಾರ್ರಿ? ಟೀಚರ್‌ಗೂ ಲೀಗಿಗೆ ಸಹಿ ಬೇಕು ಅಂತಷ್ಟೇ ಅಂದಿದ್ದೆ. ನಾವು ಬರಾಕತ್ತೇವಿ ಅಂತ ನಿಮಗ ತೋರಿಸಬೇಕಂತ ದಿನಾ ಫೋಟೋ ಹಾಕಿದೆ. ನೀವು ನೋಡಿದ್ರ ತಿಳೀತದ, ಒಂದಿನ ಕರದು ಮಾತಾಡ್ತೀರಿ ಅಂದ್ಕೊಂಡಿದ್ದೆ.”

“ನಾನು ಆ ಗ್ರೂಪಿನ ಆವಾಜ್ ಬಂದ್ ಮಾಡಿಟ್ಟಿದ್ದೆ,” ಎಂದೆ. ಸುಳ್ಳು ಹೇಳಲು ಆಗಲಿಲ್ಲ.

ಅವನು ಮೊದಲ ಸಲ ನನ್ನ ಮುಖವನ್ನು ನೇರ ನೋಡಿದ.

“ನನ್ನ ಮಾಫ್ ಮಾಡಪಾ. ಆದ್ರೂ ನೀ ದೊಡ್ಡ ಮನಸ್ಸು ಮಾಡಿದಿ,” ಎಂದೆ.

“ಮಾಫ್ ಮಾಡಿಲ್ರಿ ಸಾವ್ಕಾರ್ರ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ನನಗ ಟೀಮ್ ಬೇಕಾಗಿತ್ತು, ಅದಕ್ಕ ಸುಮ್ಮಿದ್ದೆ. ಲೆಟರಿಂದು ಒಂದು ಕಡಿಗಿರ್ಲಿ. ಜೇವರ್ಗಿಯಾಗ ನೀರಿನ ಡ್ರಮ್ಮಿನ ಹತ್ರ ಕರದು ಹೇಳಿದ್ರಲ್ರಿ, ನಿಮ್ಮ ಮನಿ ಎಂಥಾದ್ದು ಅಂತ. ಅದು ನಮ್ಮಪ್ಪಗ ಹೇಳಿಲ್ಲ ನಾನು ಇನ್ನೂತನಕ. ಆ ದಿನ ಬಾಯಿ ಮುಚ್ಚಿದಂವ ಎರಡು ವರ್ಷ ತೆರೀಲಿಲ್ಲ. ಅಷ್ಟೂ ಮ್ಯಾಚ್ ಸೋತೇವಿ.”

ಆಗ ನೆನಪಾಯಿತು. ಡ್ರಮ್ಮು, ಅವನು ಮುಖ ಒರೆಸಿಕೊಂಡದ್ದು, ಪಕ್ಕದ ಕುರ್ಚಿ, ಎಲ್ಲವೂ. ಅವನ ಅಪ್ಪ ನನ್ನ ಅಂಗಡಿಯ ಮುಂದೆ ಹಾಯುವಾಗೆಲ್ಲ ಕೈಯೆತ್ತಿ ಮುಗಿದು ಹೋಗುತ್ತಿದ್ದರು. ಅದೂ ನೆನಪಾಯಿತು.

“ಎಲ್ರ ಮುಂದೂ ಹೇಳ್ತೇನಿ ನಾನು,” ಎಂದೆ.

“ಹೇಳೋದಿದ್ರ ಹುಡುಗ್ರ ಮುಂದ ಹೇಳ್ರಿ. ಅವರ ಬಗ್ಗೆ ಬರದದ್ದು.” ಅಷ್ಟು ಹೇಳಿ ಅವನು ಮತ್ತೆ ಇಕ್ಕಳ ಕೈಗೆತ್ತಿಕೊಂಡ.

ನಾಲ್ಕು ದಿನ ಬಿಟ್ಟು ಮಾದನಹಿಪ್ಪರಗಾದ ಆ ಹೊಲಕ್ಕೆ ಬೆಳಗ್ಗೆ ಹೋದೆ. ಟೀಚರ್ ಹುಡುಗರನ್ನು ಗುಂಪಾಗಿ ಕೂಡಿಸಿದರು. ಹೇಳಿದೆ. ಟೆಂಪೋ ಯಾಕೆ ನಿಲ್ಲಿಸಿದೆ, ಪತ್ರದಲ್ಲಿ ಏನು ಬರೆದೆ, ಜೇವರ್ಗಿಯಲ್ಲಿ ನಾಯಕನಿಗೆ ಏನು ಅಂದೆ. ಮುಗಿದ ಮೇಲೆ ಗೋಲ್‌ಕೀಪರ್ ಎದ್ದು ನಿಂತ.

“ಪ್ರಾಕ್ಟೀಸಿಗೆ ಬರಂಗಿಲ್ಲ ಅಂತ ಬರದ್ರಿ, ಬರಕೊಳ್ರಿ. ಆದ್ರ ನಮ್ಮಪ್ಪನ ಹೆಸರ ಮುಂದ ಮಾಡಿ ಇವನ ಬಾಯಿ ಮುಚ್ಚಿಸಿದ್ರಿ. ಎರಡು ವರ್ಷ ನಾನು, ಇವ ನನ್ನ ಮ್ಯಾಲೆ ಯಾಕ ಸಿಟ್ಟಾಗ್ಯಾನ ಅಂತ ತಿಳೀದ ಒದ್ದಾಡೀನಿ. ನಮ್ಮಪ್ಪ ನಿಮಗ ಹೇಳಿದ್ನೇನ್ರಿ ಹಂಗ?”

“ಇಲ್ಲ,” ಎಂದೆ.

“ಮತ್ತ?”

ಅವನು ಕೈಗವಸು ತೆಗೆದುಕೊಂಡು ಗೋಲಿನ ಕಡೆ ಹೋದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ನಾಯಕ ಕೊನೆಯಲ್ಲಿ ಎದ್ದ. ನಾನು ಮತ್ತು ಟೀಚರ್ ಉಳಿದೆವು.

“ಅಕ್ಕಾ, ನಾ ಇನ್ನ ಏನು ಮಾಡ್ಲಿ?” ಎಂದೆ.

“ಮಾಲೀಕರು ಅನಿಸ್ಕೊಳ್ಳೋದು ಬಿಡ್ರಿ,” ಎಂದರು ಟೀಚರ್. “ಟೀಮ್ ಹುಡುಗ್ರ ಹೆಸರಿಗೆ ಆಗ್ಲಿ. ಅವರೇ ಉಳಿಸ್ಯಾರ.”

ಹಾಗೆಯೇ ಮಾಡಿದೆ. ಕಾಗದಪತ್ರಗಳಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ಈಗ ಆಟಗಾರರ ಹೆಸರುಗಳಿವೆ, ಜೊತೆಗೆ ಟೀಚರ್‌ದು. ಟೆಂಪೋ ಪಂದ್ಯದ ದಿನ ಹೋಗುತ್ತದೆ. ಕೇಳಿದಾಗ ಕಳಿಸುತ್ತೇನೆ, ನಾನಾಗಿ ಏನೂ ಹೇಳುವುದಿಲ್ಲ. ಆಟ ನೋಡಲು ಬಸ್ಸಿನಲ್ಲಿ ಹೋಗಿ ಜನರ ನಡುವೆ ನಿಲ್ಲುತ್ತೇನೆ. ನಾಯಕನ ಅಪ್ಪನ ಹತ್ತಿರ ಹೋಗಬೇಕೆಂದು ಎಷ್ಟೋ ಸಲ ಮಟಕಿಯ ದಾರಿ ಹಿಡಿದಿದ್ದೇನೆ. ಅವರಿಗೆ ಗೊತ್ತಿಲ್ಲದ್ದನ್ನು ನಾನು ಹೋಗಿ ಹೇಳಿದರೆ ಭಾರ ಇಳಿಯುವುದು ನನ್ನದು, ಹೊರುವುದು ಅವರು. ಹೀಗೆಂದುಕೊಂಡು ಹಿಂತಿರುಗಿದ್ದೇನೆ. ಇದೂ ಒಂದು ನೆಪವೇ ಇರಬಹುದು. ಪೇಟೆಯವರಿಗೂ ನಾನು ಹೇಳಲಿಲ್ಲ. ಹುಡುಗರ ಮುಂದೆ ತೆರೆದ ಬಾಯಿ ಅಂಗಡಿಯ ಗಲ್ಲಾದ ಹಿಂದೆ ಕೂತಾಗ ತೆರೆಯಲಿಲ್ಲ.

ನಾಯಕ ಮೊದಲಿನಂತೆಯೇ ಅಂಗಡಿಗೆ ಬರುತ್ತಾನೆ, ಬೇಕಾದ್ದು ಒಯ್ಯುತ್ತಾನೆ, ನಾನು ನಕ್ಕರೆ ನಗುತ್ತಾನೆ. ಗೋಲ್‌ಕೀಪರ್ ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟ.

ಈ ಸಲ ಬೇಸಿಗೆಯಲ್ಲಿ ಗೋಲ್‌ಕೀಪರ್‌ನ ಮದುವೆಯಾಯಿತು. ಲಗ್ನಪತ್ರಿಕೆಯನ್ನು ಅವನ ತಂದೆ ಬಂದು ಕೊಟ್ಟಿದ್ದರು. ಹೋಗುವುದೋ ಬೇಡವೋ ಎಂದು ಮಧ್ಯಾಹ್ನದವರೆಗೆ ಒದ್ದಾಡಿ, ಕಡೆಗೆ ಅಂಗಡಿ ಮುಚ್ಚಿ ಹೊರಟೆ. ಅಕ್ಕಿಕಾಳು ಬಿದ್ದು ಲಗ್ನ ಮುಗಿದಿತ್ತು. ತಂಡದ ಹುಡುಗರು ಓಡಾಡಿ ಬಡಿಸುತ್ತಿದ್ದರು. ನಾಯಕನ ಅಪ್ಪ, ಮದುಮಗನ ಅಪ್ಪ ಚಪ್ಪರದಡಿ ಒಂದೇ ಮಂಚದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಮದುಮಕ್ಕಳ ಹತ್ತಿರ ಹೋಗಿ ಉಡುಗೊರೆ ಕೊಟ್ಟೆ. ಹುಡುಗಿ ಬಾಗಿ ನಮಸ್ಕರಿಸಿದಳು. ಅವನು ಉಡುಗೊರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನಾನು ತಿರುಗಿ ಹೊರಟಾಗ ಹಿಂದಿನಿಂದ ಅವನ ದನಿ ಕೇಳಿತು.

“ಊಟ ಮಾಡಿ ಹೋಗ್ರಿ.”

ಇಷ್ಟು ದಿನಗಳಲ್ಲಿ ಅವನು ನನಗೆ ಹೇಳಿದ್ದು ಅಷ್ಟೇ. ಬಂದವರಿಗೆಲ್ಲ ಹೇಳುವ ಮಾತೂ ಅದೇ. ನಾನು ಹೋಗಿ ಪಂಕ್ತಿಯ ಕೊನೆಯಲ್ಲಿ ಕೂತೆ. ಟೀಚರ್ ದೂರದಿಂದ ನೋಡಿ, ಬಂದು, ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು. ಹುಗ್ಗಿ ಬಿಸಿಯಾಗಿತ್ತು. ಆರಲಿ ಎಂದು ಇಬ್ಬರೂ ಕಾದೆವು.